‘ಸ್ಟ್ರಿಕ್ಟ್ ಲಯಬಿಲಿಟಿ’ಗೆ ‘ಕಟ್ಟುನಿಟ್ಟಿನ ಹೊಣೆ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಮಾಲಿನ್ಯ ಮಾಡುವ ಕಂಪನಿಗಳ ಮೇಲೆ ಕಾನೂನು ಹೊರಿಸುವ ಹೊಣೆ ಅವುಗಳನ್ನು ಹಸಿರು ತಂತ್ರಜ್ಞಾನದ ಶೋಧಕ್ಕೆ ಹೇಗೆ ಹಚ್ಚುತ್ತದೆ ಎಂಬ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ‘ಲಯಬಿಲಿಟಿ’ಗೆ ‘ಹೊಣೆ’ ಎಂದೇ ಇಟ್ಟುಕೊಂಡಿದ್ದೇನೆ. ‘ಜವಾಬ್ದಾರಿ’ ಎಂದರೆ ಕರ್ತವ್ಯದ ಅರ್ಥ ಮುಂದಾಗಿ, ಹಾನಿಗೆ ಹಣ ತೆರಬೇಕಾದವರು ಯಾರು ಎಂಬುದು ಮಸುಕಾಗುತ್ತದೆ. ತೊಡಕಿರುವುದು ‘ಸ್ಟ್ರಿಕ್ಟ್ ಲಯಬಿಲಿಟಿ’ಯಲ್ಲಿ.

‘ಕಟ್ಟುನಿಟ್ಟಿನ ಹೊಣೆ’ ಎಂದು ಬರೆದರೆ, ಅಧಿಕಾರಿಗಳು ಬಿಗಿಯಾಗಿ ಜಾರಿ ಮಾಡುತ್ತಾರೆ ಎಂದು ಓದುಗರು ತಿಳಿಯುತ್ತಾರೆ. ನಿಜವಾದ ಅರ್ಥ ಬೇರೆ: ಕಂಪನಿ ಎಚ್ಚರ ತಪ್ಪಿತ್ತೋ ಇಲ್ಲವೋ, ಹಾನಿಯಾದರೆ ಅದೇ ತೆರಬೇಕು. ನನ್ನ ವಿಷಯದ ತಿರುಳೂ ಇಲ್ಲೇ ಇದೆ. ತಪ್ಪು ಸಾಬೀತಾದರೆ ಮಾತ್ರ ಹೊಣೆ ಎಂದಾದರೆ, ಕಂಪನಿ ನಿಗದಿತ ಮಿತಿಯೊಳಗಿದ್ದು ದಾಖಲೆಗಳನ್ನು ಸರಿಯಾಗಿಟ್ಟುಕೊಂಡರೆ ಸಾಕು. ಅದನ್ನು ಮೀರಿ ಹಣ ಹಾಕುವ ಅಗತ್ಯ ಕಾಣುವುದಿಲ್ಲ. ತಪ್ಪಿರಲಿ ಬಿಡಲಿ ಹೊಣೆ ತಪ್ಪದು ಎಂದಾದಾಗ, ಮಿತಿಯೊಳಗಿನ ಅಪಾಯವೂ ಅದರ ಲೆಕ್ಕಕ್ಕೇ ಬರುತ್ತದೆ. ವಿಷಕಾರಿ ದ್ರಾವಕಕ್ಕೆ ಬದಲಿ ಹುಡುಕುವುದು, ಕೊಳಕು ನೀರನ್ನು ಕೊನೆಯಲ್ಲಿ ಶುದ್ಧೀಕರಿಸುವ ಬದಲು ಅದು ಹುಟ್ಟದಂತೆ ತಯಾರಿಕೆಯ ವಿಧಾನವನ್ನೇ ಬದಲಿಸುವುದು ಆಗ ಲಾಭದ ಮಾತಾಗಬಹುದು. (ಹಾನಿ ಕಂಪನಿಯ ಆಸ್ತಿಗಿಂತ ದೊಡ್ಡದಾದರೆ ಈ ಒತ್ತಡ ಸಡಿಲಾಗುತ್ತದೆ, ದಿವಾಳಿಯಾದವರಿಂದ ವಸೂಲಿ ಎಲ್ಲಿಯದು? ವಿಮೆ ಕಡ್ಡಾಯವಾಗಲಿ ಎಂಬ ವಾದ ಬಂದದ್ದು ಅದಕ್ಕೇ.)

ಐರೋಪ್ಯ ಒಕ್ಕೂಟದ 2004ರ ಪರಿಸರ ಹೊಣೆ ನಿರ್ದೇಶನದಲ್ಲಿ ಎರಡೂ ಬಗೆಗಳಿವೆ. ಪಟ್ಟಿ ಮಾಡಿದ ಅಪಾಯಕಾರಿ ಚಟುವಟಿಕೆಗಳಿಗೆ ತಪ್ಪನ್ನು ಕೇಳದ ಹೊಣೆ. ಉಳಿದವಕ್ಕೆ, ಸಂರಕ್ಷಿತ ಜೀವಿಗಳು ಮತ್ತು ಆವಾಸಗಳಿಗೆ ಹಾನಿಯಾದಾಗ, ತಪ್ಪು ಅಥವಾ ನಿರ್ಲಕ್ಷ್ಯ ಇದ್ದರೆ ಮಾತ್ರ.

ಇನ್ನು ‘ಆಬ್ಸೊಲ್ಯೂಟ್ ಲಯಬಿಲಿಟಿ’. ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ 1986ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ರೂಪಿಸಿದ ತತ್ವವಿದು. 1868ರ ಇಂಗ್ಲೆಂಡಿನ ತೀರ್ಪಿನಿಂದ ಬೆಳೆದ ‘ಸ್ಟ್ರಿಕ್ಟ್ ಲಯಬಿಲಿಟಿ’ ನಿಯಮದಲ್ಲಿ ದೈವಿಕ ಘಟನೆ (ಪ್ರಕೃತಿ ವಿಕೋಪದಂಥದ್ದು), ಮೂರನೆಯವರ ಕೃತ್ಯ ಮುಂತಾದ ವಿನಾಯಿತಿಗಳಿದ್ದವು. ಅಪಾಯಕಾರಿ ಉದ್ಯಮಗಳಿಗೆ ಅವು ಸಲ್ಲವು ಎಂದಿತು ಕೋರ್ಟ್.

ಹಾಗಾಗಿ ಮೂರು ಬೇರೆ ಬೇರೆ ಪದಗಳೇ ಬೇಕು. ‘ದೋಷಾಧಾರಿತ ಹೊಣೆ’, ‘ದೋಷನಿರಪೇಕ್ಷ ಹೊಣೆ’, ‘ವಿನಾಯಿತಿಯಿಲ್ಲದ ಹೊಣೆ’ ಎಂದು ಯೋಚಿಸಿದ್ದೇನೆ. ನಡುವಿನದು ನಾಲಿಗೆಗೆ ಭಾರ. ‘ತಪ್ಪೆಣಿಸದ ಹೊಣೆ’ ಎಂದರೆ ಹೇಗೆ? ಮೂರನೆಯದಕ್ಕೆ ‘ಸಂಪೂರ್ಣ ಹೊಣೆ’ ನನಗೆ ಒಪ್ಪಿಗೆಯಿಲ್ಲ, ಪೂರ್ತಿ ಮೊತ್ತ ತೆರುವುದು ಎಂಬ ಅರ್ಥ ಬಂದುಬಿಡುತ್ತದೆ. ಕನ್ನಡದಲ್ಲಿ ಕಾನೂನು ಬರೆಯುವವರು, ಪಾಠ ಮಾಡುವವರು ಯಾವುದನ್ನು ಬಳಸುತ್ತೀರಿ? ಬಳಸಿದ ವಾಕ್ಯವನ್ನೂ ಜೊತೆಗೆ ಕೊಟ್ಟರೆ ಉಪಕಾರವಾಗುತ್ತದೆ.