ಲೆಬನಾನ್: ಊರು ಬಿಟ್ಟವರ ವೋಟು ಊರಲ್ಲೇ ಯಾಕೆ?

ಮಲೆನಾಡ_ಓದುಗ:
ಲೆಬನಾನ್ ರಾಜಕೀಯದ ಬಗ್ಗೆ ಓದ್ತಾ ಇದ್ದೀನಿ. ಅಧ್ಯಕ್ಷ ಮರೋನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ, ಇಷ್ಟು ಗೊತ್ತಾಯ್ತು. ಆದರೆ 1975ರಿಂದ 1990ರವರೆಗಿನ ಯುದ್ಧದಲ್ಲಿ ಲಕ್ಷಾಂತರ ಜನ ಮನೆ ಬಿಟ್ಟು ಓಡಿದ್ರಲ್ವಾ, ಅವರು ಈಗಲೂ ಹಳೇ ಊರಿಗೇ ಹೋಗಿ ವೋಟು ಹಾಕ್ತಾರಂತೆ. ಇರೋದು ಒಂದು ಕಡೆ, ವೋಟು ಇನ್ನೊಂದು ಕಡೆ. ಯಾಕೆ ಹೀಗೆ?

ಸುಬ್ಬಣ್ಣ_ಮೈಸೂರು:
ಕೊನೇ ಜನಗಣತಿ ಆಗಿದ್ದು 1932ರಲ್ಲಿ, ಫ್ರೆಂಚರ ಕಾಲದಲ್ಲಿ. ಆಗ ಕ್ರೈಸ್ತರು ಸ್ವಲ್ಪ ಜಾಸ್ತಿ ಇದ್ರು. ಅದನ್ನೇ ಹಿಡಿದು ಸಂಸತ್ತಿನ ಸೀಟುಗಳನ್ನು ಕ್ರೈಸ್ತರಿಗೆ 6, ಉಳಿದವರಿಗೆ 5ರಂತೆ ಹಂಚಿದ್ರು. ಯುದ್ಧ ನಿಲ್ಲಿಸೋಕೆ ಮಾಡಿದ 1989ರ ತಾಯಿಫ್ ಒಪ್ಪಂದದಲ್ಲಿ ಅದು ಸಮ ಆಯ್ತು, ಈಗಿರೋ 128 ಸೀಟುಗಳಲ್ಲಿ 64 ಕ್ರೈಸ್ತರಿಗೆ, 64 ಮುಸ್ಲಿಮರು ಮತ್ತು ಇಸ್ಲಾಂನಿಂದ ಕವಲೊಡೆದ ಚಿಕ್ಕ ಪಂಥವಾದ ದ್ರೂಜ್‌ರಿಗೆ. ಮತ್ತೆ ಎಣಿಸಿದ್ರೆ ಯಾರದೋ ಪಾಲು ಕಮ್ಮಿ ಆಗುತ್ತೆ, ಹಾಗಾಗಿ ಯಾರೂ ಎಣಿಸೋಕೆ ಮುಂದಾಗಲ್ಲ. 1948ರಲ್ಲಿ ನಿರಾಶ್ರಿತರಾಗಿ ಬಂದ ಪ್ಯಾಲೆಸ್ಟೀನಿಯರು ಬಹುಪಾಲು ಸುನ್ನಿಗಳು, ಅವರನ್ನು ಸೇರಿಸಿಕೊಂಡ್ರೆ ಈ ಪಾಲಿನ ಲೆಕ್ಕ ಏರುಪೇರಾಗುತ್ತೆ. ಅವರಲ್ಲಿ ಹೆಚ್ಚಿನವರಿಗೆ ಇವತ್ತಿಗೂ ಪೌರತ್ವ ಇಲ್ಲ, 2001ರ ಕಾನೂನಿನ ನಂತರ ಮನೆ ಜಾಗ ಕೊಳ್ಳೋಕೂ ಆಗಲ್ಲ. ಅಲ್ಲೇ ಹುಟ್ಟಿ ಅಲ್ಲೇ ಮುದುಕರಾದವರನ್ನೂ ಲೆಕ್ಕದಿಂದ ಹೊರಗಿಟ್ಟಿದ್ದಾರೆ, ನನಗೆ ಇದು ತುಂಬಾ ಅನ್ಯಾಯ ಅನ್ನಿಸುತ್ತೆ.

ದುಬೈ_ಸವಿತಾ:
ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಂದ್ರೆ, ಅಲ್ಲಿ ವೋಟು ಮನೆ ವಿಳಾಸದ ಮೇಲೆ ಅಲ್ಲ, ವಂಶದ ದಾಖಲೆ ಇರೋ ಊರಿನ ಮೇಲೆ. ಬದಲಾಯಿಸೋರು ಅಪರೂಪ. ನನ್ನ ಆಫೀಸಿನಲ್ಲಿ ಬೈರೂತ್‌ನವಳು ಒಬ್ಬಳಿದ್ದಾಳೆ, ಅವಳ ಅಪ್ಪನ ಊರು ಶೂಫ್ ಬೆಟ್ಟದಲ್ಲಿ. 1983ರಲ್ಲಿ ಇಸ್ರೇಲ್ ಸೇನೆ ಅಲ್ಲಿಂದ ಹಿಂದೆ ಸರಿದ ಕೂಡಲೇ ದ್ರೂಜ್ ಮತ್ತು ಕ್ರೈಸ್ತ ಪಡೆಗಳು ಹೊಡೆದಾಡಿದ್ವು, ಕ್ರೈಸ್ತರ ಎಷ್ಟೋ ಹಳ್ಳಿಗಳು ಖಾಲಿಯಾದ್ವು. ಯುದ್ಧ ಮುಗಿದ ಮೇಲೆ ನಿರಾಶ್ರಿತರಿಗಾಗಿಯೇ ಒಂದು ಸಚಿವಾಲಯ ಮಾಡಿದ್ರು, ಮನೆ ಕಟ್ಟೋಕೆ ದುಡ್ಡು, ಬೇರೆಯವರ ಮನೆಯಲ್ಲಿ ಸೇರಿಕೊಂಡಿದ್ದವರು ಬಿಟ್ಟು ಹೋಗೋಕೂ ದುಡ್ಡು. 2001ರಲ್ಲಿ ಮರೋನೈಟ್ ಧರ್ಮಗುರು ಸ್ಫೇರ್ ಅವರೇ ಶೂಫ್‌ಗೆ ಹೋದ್ರು, ದ್ರೂಜ್ ನಾಯಕ ವಲೀದ್ ಜುಂಬ್ಲಾತ್ ಸ್ವಾಗತಿಸಿದ್ರು. ಆದರೆ ಅಷ್ಟರಲ್ಲಿ ಮಕ್ಕಳ ಸ್ಕೂಲು, ಕೆಲಸ ಎಲ್ಲ ಬೈರೂತ್‌ನಲ್ಲಿ ಬೇರೂರಿತ್ತು, ಎಷ್ಟೋ ಜನ ವಾಪಸ್ ಹೋಗಲೇ ಇಲ್ಲ. ಅವಳಪ್ಪ ಚುನಾವಣೆ ದಿನ ಬೆಳಿಗ್ಗೆ ಕಾರಲ್ಲಿ ಊರಿಗೆ ಹೋಗ್ತಾರೆ. ಮನೆಯ ನಾಲ್ಕು ಕಲ್ಲು ಗೋಡೆ ಉಳಿದಿದೆ, ನಡುಮನೆಯಲ್ಲಿ ಅಂಜೂರದ ಗಿಡ ಬೆಳೆದಿದೆ. ಬೆರಳಿಗೆ ಶಾಯಿ ಹಚ್ಚಿಸ್ಕೊಂಡು ಸಂಜೆಗೆ ವಾಪಸ್.

ಇನ್ನೂ ಬೇಜಾರಿನ ವಿಷಯ, ಮದುವೆ ಆದ ಮೇಲೆ ಹೆಂಗಸಿನ ದಾಖಲೆ ಗಂಡನ ಊರಿಗೆ ಹೋಗುತ್ತೆ. ಇವಳು 2022ರಲ್ಲಿ ಇಲ್ಲಿ ದುಬೈನಲ್ಲೇ ವೋಟು ಹಾಕಿದ್ಲು, ಎಣಿಕೆಯಾಗಿದ್ದು ಉತ್ತರದ ಯಾವುದೋ ಹಳ್ಳಿ ಇರೋ ಕ್ಷೇತ್ರಕ್ಕೆ. ಅಲ್ಲಿಗೆ ಅವಳು ಹೋಗಿರೋದು ನೆಂಟರ ಮದುವೆಗಳಿಗೆ ಮಾತ್ರ. ತಾನು ಬೆಳೆದ ಬೀದಿಯ ಚರಂಡಿ, ಕರೆಂಟು, ನೀರಿನ ಬಗ್ಗೆ ಅವಳಿಗೆ ಯಾವತ್ತೂ ವೋಟಿನ ಹಕ್ಕು ಸಿಕ್ಕಿಲ್ಲ.

ಮಲೆನಾಡ_ಓದುಗ:
ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದ್ರೆ 2024ರಲ್ಲಿ ಓಡಿ ಬಂದವರ ಕಥೆ?

ರಹೀಮ್_ಮಂಗಳೂರು:
ಅದು ಇನ್ನೂ ಹಸಿ ಗಾಯ. ಆ ಸೆಪ್ಟೆಂಬರ್‌ನಲ್ಲಿ ಇಸ್ರೇಲ್ ಬಾಂಬ್ ದಾಳಿ ಜೋರಾದಾಗ ದಕ್ಷಿಣದಿಂದ, ಪೂರ್ವದ ಬೆಕಾ ಕಣಿವೆಯಿಂದ, ಬೈರೂತ್‌ನ ದಾಹಿಯಾ ಅನ್ನೋ ಹೊರವಲಯದಿಂದ 10 ಲಕ್ಷಕ್ಕೂ ಹೆಚ್ಚು ಜನ ಹೊರಟ್ರು ಅಂತ ಸರ್ಕಾರವೇ ಹೇಳಿತ್ತು. ಹೆಚ್ಚಿನವರು ಶಿಯಾಗಳು. ಕ್ರೈಸ್ತರ, ದ್ರೂಜ್‌ರ ಊರುಗಳಲ್ಲಿ ಎಷ್ಟೋ ಜನ ಬಾಗಿಲು ತೆರೆದ್ರು, ಶಾಲೆಗಳಲ್ಲಿ ಹಾಸಿಗೆ ಹಾಕಿಕೊಟ್ರು. ಆದರೆ ಅಕ್ಟೋಬರ್ 14ರಂದು ಉತ್ತರದ ಐತೂ ಅನ್ನೋ ಕ್ರೈಸ್ತ ಹಳ್ಳಿಯಲ್ಲಿ, ಓಡಿ ಬಂದವರು ಬಾಡಿಗೆಗಿದ್ದ ಮನೆ ಮೇಲೇ ಬಾಂಬ್ ಬಿತ್ತು, 20ಕ್ಕೂ ಹೆಚ್ಚು ಜನ ಸತ್ರು. ಆಮೇಲೆ ಬಾಡಿಗೆ ಕೊಡೋರು ಹೆದರಿದ್ರು, ಬಂದವರ ನಡುವೆ ಇಸ್ರೇಲ್ ಗುರಿಯಿಟ್ಟಿದ್ದ ಶಿಯಾ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾದವರು ಇದ್ರೆ ಅಂತ. ಬಂದವರು ಯಾರು, ಮನೆಯಲ್ಲಿ ಗಂಡಸರು ಎಷ್ಟು ಅಂತ ಕೇಳೋದು ಶುರುವಾಯ್ತು. ಆ ಹೆದರಿಕೆ ನನಗೆ ಅರ್ಥ ಆಗುತ್ತೆ, ಆದರೆ ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತವಳು ಏನು ತಪ್ಪು ಮಾಡಿದ್ದಾಳೆ ಹೇಳಿ.

ವೋಟಿನ ವಿಷಯಕ್ಕೆ ಬಂದ್ರೆ, 2025ರ ಮೇ ತಿಂಗಳಲ್ಲಿ ದಕ್ಷಿಣದಲ್ಲಿ ಸ್ಥಳೀಯ ಚುನಾವಣೆ ನಡೀತು. ಗಡಿಯ ಹಳ್ಳಿಗಳಲ್ಲಿ ಮತಗಟ್ಟೆ ಇಡೋಕೆ ಕಟ್ಟಡವೇ ಉಳಿದಿರಲಿಲ್ಲ. ಅಲ್ಲಿನ ಎಷ್ಟೋ ಜನ ನಬತಿಯೆಯಂಥ ಬೇರೆ ಊರಲ್ಲಿ ಸಾಲು ನಿಂತು ತಮ್ಮೂರಿನ ಪುರಸಭೆಗೆ ಆಳು ಆರಿಸಿದ್ರು.