ಪುಟ್ಟಿ ಬಗ್ಗಿಕೊಂಡು ಓಡಾಡುವ ವಿಚಾರಕ್ಕೆ

ಅತ್ತಿಗೆ, ನಿನ್ನೆ ರಾತ್ರಿ ನೀವು ಹಾಕಿದ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯಲ್ಲ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಕುಕ್ಕರ್ ಇಟ್ಟುಕೊಂಡು ಕೇಳಿ.

ಪುಟ್ಟಿ 5 ಅಡಿ 11 ಇಂಚು ಆಗಿದ್ದಾಳೆ, ಹದಿನಾರಕ್ಕೇ ಬೆನ್ನು ಬಗ್ಗಿಸಿಕೊಂಡು ನಡೆಯುತ್ತಾಳೆ, ಮುಂದಿನ ತಿಂಗಳ ಮದುವೆಗೆ ಸೀರೆ ಉಡಲ್ಲ ಅಂತಾಳೆ, ಏನು ಮಾಡಲಿ ಅಂತ ನೀವು ಕೇಳಿದ್ದು. ಅದಕ್ಕೆ ಬಂದ ಉತ್ತರಗಳನ್ನೂ ಓದಿದೆ. ಚಿಕ್ಕಪ್ಪ ಸ್ಕಿಪ್ಪಿಂಗ್ ನಿಲ್ಲಿಸಿ ಅಂದರು. ದೊಡ್ಡಮ್ಮ ಗಂಡು ಸಿಗೋದು ಕಷ್ಟ ಅಂದರು. ಉಳಿದವರು ಜಿರಾಫೆ ಚಿತ್ರ ಹಾಕಿದರು. ಪುಟ್ಟಿಯೂ ಇದೇ ಗ್ರೂಪಿನಲ್ಲಿದ್ದಾಳೆ, ನೆನಪಿದೆ ಅಲ್ವಾ? ಅವಳು ಬಗ್ಗುವುದಕ್ಕೆ ಅರ್ಧ ಕಾರಣ ಈ ಮಾತುಗಳೇ. ಇನ್ನರ್ಧ ಮೇಜು, ಕಟ್ಟೆ, ಕನ್ನಡಿ. ಜನರ ಬಾಯಿ ಮುಚ್ಚಿಸಲು ನಿಮ್ಮಿಂದ ಆಗಲ್ಲ. ಮೇಜು ಎತ್ತರಿಸಲು ಆಗುತ್ತದೆ. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ 5 ಅಡಿ. ಪುಟ್ಟಿ ಅದಕ್ಕಿಂತ 11 ಇಂಚು ಜಾಸ್ತಿ. ಮನೆಯಲ್ಲಿರುವ ಸಾಮಾನೆಲ್ಲ ಬೇರೆಯವರ ಅಳತೆಗೆ ಮಾಡಿದ್ದು. ಅವಳ ಓದುವ ಮೇಜು ಅಂಗಡಿಯಿಂದ ತಂದದ್ದಲ್ವಾ? ಅವು ಹೆಚ್ಚುಕಡಿಮೆ 30 ಇಂಚು ಇರುತ್ತವೆ. ಕುರ್ಚಿ ಎತ್ತರಿಸಿದರೆ ಮೊಣಕಾಲು ಡ್ರಾಯರ್‌ಗೆ ತಾಗುತ್ತದೆ, ತಗ್ಗಿಸಿದರೆ ಮೊಣಕಾಲು ಎದೆಗೆ ಬರುತ್ತದೆ. ಮರದ ಕೆಲಸದವನಿಗೆ ಹೇಳಿ ಮೇಜಿನ ನಾಲ್ಕು ಕಾಲಿಗೂ ಮೂರು ಇಂಚಿನ ಮರದ ತುಂಡು ಹೊಡೆಸಿ. ಆಮೇಲೆ ಕುರ್ಚಿ ಎತ್ತರ ಮಾಡಿ. ‘ನೆಟ್ಟಗೆ ಕೂತ್ಕೋ’ ಅಂತ ದಿನಾ ಹೇಳುವುದಕ್ಕಿಂತ ಇದು ಅಗ್ಗ.

ಬಚ್ಚಲಮನೆ ಕನ್ನಡಿಯನ್ನೂ ಮೇಲೆ ಹಾಕಿಸಿ. ನಾನೂ ಉದ್ದ ಅಲ್ವಾ, ನಿಮ್ಮ ಮನೆ ಕನ್ನಡಿಯಲ್ಲಿ ನನಗೆ ನನ್ನ ಗಲ್ಲ, ಕತ್ತು ಅಷ್ಟೇ ಕಾಣುವುದು. ಬೊಟ್ಟು ಇಡಬೇಕಾದರೆ ಕಾಲು ಅಗಲಿಸಿ, ಮೊಣಕಾಲು ಮಡಿಸಿ ನಿಲ್ಲಬೇಕು. ಪುಟ್ಟಿ ಇದನ್ನು ದಿನಾ ಮಾಡುತ್ತಿದ್ದಾಳೆ.

ಅಡುಗೆ ಕಟ್ಟೆ ವಿಷಯ ನಿಮಗೆ ಗೊತ್ತು. ನಮ್ಮ ಮನೆ ಕಟ್ಟುವಾಗ ಮೇಸ್ತ್ರಿ ‘ಎಲ್ಲರೂ 33 ಇಂಚೇ ಹಾಕ್ಸೋದಮ್ಮ’ ಅಂತ ಹಟ ಹಿಡಿದಿದ್ದ. ನಾನು ಗೋಡೆಗೆ ಒರಗಿ ನಿಂತು ಮೊಣಕೈ ಮಡಿಸಿದೆ. ಅಲ್ಲಿಂದ ಆರು ಇಂಚು ಕೆಳಗೆ ಅವನ ಪೆನ್ಸಿಲ್ಲಿಂದಲೇ ಗೆರೆ ಎಳೆಸಿದೆ. 38 ಇಂಚು ಬಂತು. ಈಗ ನಮ್ಮತ್ತೆ ಊರಿಂದ ಬಂದರೆ ಮಣೆ ಮೇಲೆ ನಿಂತು ಒಗ್ಗರಣೆ ಹಾಕುತ್ತಾರೆ. ಬೈಯುತ್ತಾರೆ, ಬೈಯಲಿ. ನೀವು ಕಟ್ಟೆ ಒಡೆಸುವುದು ಬೇಡ. ಪುಟ್ಟಿ ತರಕಾರಿ ಹೆಚ್ಚುವಾಗ ಹಲಗೆ ಕೆಳಗೆ ಒಂದು ದಪ್ಪ ಮಣೆ ಇಟ್ಟುಕೊಟ್ಟರೆ ಸಾಕು.

ಇನ್ನೊಂದು, ಅವಳಿಗೆ ಕಾಲೇಜಿನಲ್ಲಿ ಬೋರ್ಡ್ ಸರಿಯಾಗಿ ಕಾಣುತ್ತದಾ ಕೇಳಿ. ಉದ್ದ ಇರುವವರನ್ನು ಒಂದನೇ ಕ್ಲಾಸಿನಿಂದಲೂ ಹಿಂದಿನ ಬೆಂಚಿಗೇ ತಳ್ಳುತ್ತಾರೆ. ಕಣ್ಣಿನ ತೊಂದರೆ ಇದ್ದರೂ ಗೊತ್ತಾಗುವುದು ತಡ. ಒಮ್ಮೆ ಕಣ್ಣು ಟೆಸ್ಟ್ ಮಾಡಿಸಿಬಿಡಿ.

ಈಗ ಸೀರೆ. ಅವಳು ಯಾಕೆ ಬೇಡ ಅನ್ನುತ್ತಾಳೆ ಅಂತ ನನಗೆ ಚೆನ್ನಾಗಿ ಗೊತ್ತು. ನಿಮ್ಮ ಸೀರೆ ಉಡಿಸಿದಿರಿ, ಕಣಕಾಲು ಕಂಡಿತು, ಯಾರೋ ನಕ್ಕರು. ಅಷ್ಟೇ ತಾನೇ? ಎಲ್ಲರೂ ಸೀರೆಯ ಉದ್ದ ನೋಡುತ್ತಾರೆ. ಐದೂವರೆ ಮೀಟರ್ ನಮಗೆ ಧಾರಾಳ ಸಾಕು. ನೋಡಬೇಕಾದ್ದು ಪನ್ನ, ಅಂದರೆ ಅಗಲ. ಪುಟ್ಟಿಗೆ ಸೊಂಟದಿಂದ ನೆಲಕ್ಕೇ 42-43 ಇಂಚು ಇರುತ್ತದೆ. ಒಳಗೆ ಸಿಕ್ಕಿಸಲು ಮೂರು ಇಂಚು ಬೇಕು. 44 ಇಂಚು ಪನ್ನದ ಸೀರೆ ಎಲ್ಲಿ ಸಾಲುತ್ತದೆ? ಕೈಮಗ್ಗದಲ್ಲಿ 47, 48 ಇಂಚಿನವು ಸಿಗುತ್ತವೆ. ಅಂಗಡಿಯವರನ್ನು ಕೇಳಬೇಡಿ, ಅವರು ಎಲ್ಲದಕ್ಕೂ ‘ದೊಡ್ಡ ಪನ್ನಾನೇ ಮೇಡಂ’ ಅಂತಾರೆ. ನಾನು ಬ್ಯಾಗಿನಲ್ಲೇ ಟೇಪ್ ಇಟ್ಟುಕೊಂಡಿರುತ್ತೇನೆ. ಬಣ್ಣ ನೋಡುವ ಮೊದಲು ಅಳೆಯುತ್ತೇನೆ.

ನಿಮ್ಮ ಧಾರೆ ಸೀರೆಯನ್ನೇ ಉಡಿಸಬೇಕು ಅಂತ ಆಸೆ ಇದ್ದರೆ ಅದಕ್ಕೂ ದಾರಿ ಇದೆ. ಸೊಂಟಕ್ಕೆ ಸಿಕ್ಕಿಸುವ ಒಳಗಿನ ಭಾಗ ಇರುತ್ತದಲ್ಲ, ಮೊದಲ ಸುತ್ತು ಮತ್ತು ನೆರಿಗೆಯದ್ದು, ಅಷ್ಟಕ್ಕೆ ಮಾತ್ರ ಮೇಲಂಚಿಗೆ ಅದೇ ಬಣ್ಣದ ನಾಲ್ಕಿಂಚಿನ ಕಾಟನ್ ಪಟ್ಟಿ ಹೊಲಿಸಿ. ಪಟ್ಟಿ ಲಂಗದೊಳಗೆ ಹೋಗುತ್ತದೆ, ಸೀರೆ ಪಾದದವರೆಗೆ ಇಳಿಯುತ್ತದೆ. ಹೊರಗೆ ಯಾರಿಗೂ ಕಾಣಲ್ಲ. ಬೇಡ ಅಂದಾಗ ಬಿಚ್ಚಿಬಿಡಬಹುದು. ಲಂಗ ಮಾತ್ರ ಹೊಲಿಸಲೇಬೇಕು, ರೆಡಿಮೇಡ್ ಎಲ್ಲ ಗಿಡ್ಡ. ಚೂಡಿದಾರ್ ಹೊಲಿಸುವಾಗ ಅರ್ಧ ಮೀಟರ್ ಜಾಸ್ತಿ ತಗೊಂಡು, ಕೆಳಗೆ ಒಳಮಡಿಕೆಯಲ್ಲಿ ಬಟ್ಟೆ ಬಿಡಿ ಅಂತ ಟೈಲರ್‌ಗೆ ಹೇಳಿ. ಒಂದು ಸಲ ಒಗೆದರೆ ಗೊತ್ತಾಗುತ್ತದೆ ಯಾಕೆ ಅಂತ.

ಚಪ್ಪಲಿ ಇನ್ನೊಂದು ಗೋಳು. ಹೆಂಗಸರದ್ದು ಹೆಚ್ಚಿನ ಅಂಗಡಿಗಳಲ್ಲಿ 8 ನಂಬರಿಗೆ ಮುಗಿಯುತ್ತದೆ. ಹಿಮ್ಮಡಿ ಹೊರಗೆ ಬಿಟ್ಟುಕೊಂಡು ಓಡಾಡುವ ಬದಲು ಗಂಡಸರ ಕಡೆ ಹೋಗಿ ಸಾದಾ ಸ್ಯಾಂಡಲ್ ತಗೊಳ್ಳಿ. ಸೀರೆ ಉದ್ದ ಇದ್ದರೆ ಯಾರು ನೋಡುತ್ತಾರೆ? ಬಳೆ ಕೊಳ್ಳುವಾಗ 2.8 ಬಿಗಿ ಆದರೆ 2.10 ಕೇಳಿ. ಅದು ದಶಾಂಶ ಅಲ್ಲ, ಇಂಚಿನ ಹದಿನಾರನೇ ಭಾಗದ ಲೆಕ್ಕ. ಹಾಗಾಗಿ 2.10 ದೊಡ್ಡದು. ಅಕೌಂಟೆನ್ಸಿ ಓದುವ ಹುಡುಗಿ, ಇದನ್ನು ಕೇಳಿದರೆ ತಲೆ ಚಚ್ಚಿಕೊಳ್ಳುತ್ತಾಳೆ.

ಮದುವೆಗೆ ರೈಲಿನಲ್ಲಿ ಹೋಗುವುದಾದರೆ ಅವಳಿಗೆ ಸೈಡ್ ಬರ್ತ್ ಮಾತ್ರ ಹಾಕಬೇಡ ಅಣ್ಣಾ. ಎರಡೂ ಕಡೆ ಗೋಡೆ, ಕಾಲು ಚಾಚಲು ಜಾಗವೇ ಇಲ್ಲ. ಒಳಗಿನ ಅಪ್ಪರ್ ಹಾಕು. ಪಾದ ದಾರಿಗೆ ಬಂದರೂ ಕಾಫಿಯವರ ಭುಜಕ್ಕಿಂತ ಮೇಲೆ ಇರುತ್ತದೆ. ಸ್ಕೂಟರ್ ಕೊಡಿಸುವ ಯೋಚನೆ ಇದ್ದರೆ ಅವಳನ್ನೇ ಕೂರಿಸಿ ಹ್ಯಾಂಡಲ್ ಪೂರ್ತಿ ತಿರುಗಿಸಿ ನೋಡು. ನೇರ ಹೋಗುವಾಗ ಎಲ್ಲ ಸರಿ ಇರುತ್ತದೆ, ಯು-ಟರ್ನ್‌ನಲ್ಲಿ ಮೊಣಕಾಲಿಗೆ ಸಿಕ್ಕಿಕೊಳ್ಳುತ್ತದೆ.

ಚಿಕ್ಕಪ್ಪ, ಸ್ಕಿಪ್ಪಿಂಗ್‌ನಿಂದ ಅವಳು ಉದ್ದ ಆಗಿಲ್ಲ. ಎತ್ತರ ಬಹುಪಾಲು ಮನೆತನದಿಂದ ಬರುವುದು. ತೀರ್ಥಹಳ್ಳಿ ಮನೆಯಲ್ಲಿರುವ ಅಜ್ಜನ ಫೋಟೋ ನೋಡಿ, ಎಲ್ಲರ ಹಿಂದೆ ನಿಂತರೂ ಅವರ ಪೇಟವೇ ಮೇಲೆ. ಹೆಣ್ಣುಮಕ್ಕಳ ಬೆಳವಣಿಗೆ ಸಾಮಾನ್ಯವಾಗಿ 15-16ರ ಹೊತ್ತಿಗೆ ನಿಲ್ಲುತ್ತದೆ. ಹಾಲು ಕಡಿಮೆ ಮಾಡುವುದು, ಆಟ ಬಿಡಿಸುವುದು ಎಲ್ಲ ಸುಮ್ನೆ. ಪಿ.ವಿ. ಸಿಂಧು ಎತ್ತರವೂ ಇಷ್ಟೇ, 5 ಅಡಿ 11 ಇಂಚು. ಅವರ ಅಪ್ಪ ಅಮ್ಮ ಇಬ್ಬರೂ ವಾಲಿಬಾಲ್ ಆಡಿದವರು. ಹಾಗಂತ ನಾಳೆಯಿಂದ ಪುಟ್ಟಿ ಕೈಗೆ ರಾಕೆಟ್ ಕೊಡಬೇಡಿ. ಉದ್ದ ಇದ್ದವರೆಲ್ಲ ಆಟ ಆಡಲೇಬೇಕು ಅನ್ನುವುದೂ ಒಂದು ಕಾಟವೇ.

ದೊಡ್ಡಮ್ಮ, ಗಂಡಿನ ವಿಷಯ. ಹದಿನಾರು ವರ್ಷದ ಹುಡುಗಿಗೆ ಈಗಲೇ ಯಾಕೆ ಆ ಮಾತು? ಆದರೂ ನನ್ನ ಮದುವೆ ನೀವೇ ನೋಡಿದ್ದೀರಲ್ಲ. ಇವರು ನನಗಿಂತ ನಾಲ್ಕು ಇಂಚು ಗಿಡ್ಡ. ಅಂತರಪಟ ಹಿಡಿದಿದ್ದ ಮಾವಂದಿರಿಬ್ಬರೂ ಕೈ ಎಷ್ಟು ಎತ್ತಿದರೂ ನನ್ನ ಕಣ್ಣು ಮೇಲೆ ಕಾಣುತ್ತಿತ್ತು. ಇವರು ಆ ಕಡೆಯಿಂದ ತಲೆ ಎತ್ತಿ ನೋಡಿ ನಗುತ್ತಿದ್ದರು. ಪುರೋಹಿತರು ‘ಮದುಮಗಳು ಸ್ವಲ್ಪ ಬಗ್ಗಿ’ ಅಂದರು. ಇವರೇ ‘ಬೇಡ, ಹಾಗೇ ಇರ್ಲಿ’ ಅಂದರು. ಜೀರಿಗೆ ಬೆಲ್ಲ ಹಾಕುವಾಗ ನಾನು ಸುಲಭವಾಗಿ ಇವರ ತಲೆ ಮೇಲೆ ಹಾಕಿದೆ. ಇವರು ತುದಿಗಾಲಲ್ಲಿ ನಿಂತು ಹಾಕಿದ್ದು ಅರ್ಧ ನನ್ನ ಕಿವಿಯೊಳಗೆ ಹೋಯಿತು. ಆಮೇಲೆ ಫೋಟೋದವನು ಇವರ ಕಾಲ ಕೆಳಗೆ ಮಣೆ ಇಡಲು ಬಂದ. ಇವರು ಆ ಮಣೆಯನ್ನು ಅವನಿಗೇ ಕೊಟ್ಟು ‘ನೀವು ಹತ್ತಿ, ಆಗ ಇಬ್ರೂ ಸರಿಯಾಗಿ ಬರ್ತೀವಿ’ ಅಂದರು. ನನ್ನನ್ನು ನೋಡಿ ಬೇಡ ಅಂದು ಹೋದ ಗಂಡುಗಳೂ ಇದ್ದರು, ಇಲ್ಲ ಅನ್ನಲ್ಲ. ಹೋದರು, ಅಷ್ಟೇ.

ಅತ್ತಿಗೆ, ಈ ಶನಿವಾರ ಪುಟ್ಟಿಯನ್ನು ನನ್ನ ಜೊತೆ ಕಳಿಸಿ, ಸೀರೆ ಅಂಗಡಿಗೆ ಹೋಗುತ್ತೇವೆ. ಮದುವೆಗೆ ಹಾಕುವ ಚಪ್ಪಲಿ ಹಾಕಿಕೊಂಡೇ ಬರಲಿ, ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ಸೀರೆ ಬೇಡ ಅಂದರೆ ಲಾಂಗ್ ಗೌನ್ ಬಟ್ಟೆ ತರುತ್ತೇವೆ, ಬಲವಂತ ಬೇಡ. ಜಿರಾಫೆ ಹಾಕಿದವರು ಅದನ್ನು ಡಿಲೀಟ್ ಮಾಡಿ. ಎಲ್ಲರಿಗೂ ಡಿಲೀಟ್ ಅನ್ನುವುದನ್ನು ಒತ್ತಬೇಕು, ಚಿಕ್ಕಪ್ಪ.