‘ತೀರ್ಪು’ ಜಾಸ್ತಿ ಆಯ್ತು, ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ.

ಆಟದ ನಡುವೆ ಜಗಳ ಬಂದಾಗ ‘ಈಗಿನ ಮಟ್ಟಿಗೆ ಹೀಗೆ’ ಅಂತ ಮಾಡುವ ನಿರ್ಧಾರಕ್ಕೆ ಒಂದು ಪದ ಬೇಕಾಗಿದೆ. ಹಿನ್ನೆಲೆ ಸ್ವಲ್ಪ ಉದ್ದ, ಬೇಜಾರು ಮಾಡ್ಕೋಬೇಡಿ.

ಭಾನುವಾರ ಮಧ್ಯಾಹ್ನ ಜಯನಗರದ ಒಂದು ತಾರಸಿಯಲ್ಲಿ ನಾವು ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿದು ‘ನಾನು ಹೀಗೆ ಮಾಡ್ತೀನಿ’ ಅನ್ನುತ್ತಾರೆ. ಆ ಕೆಲಸ ಕೈಗೂಡುತ್ತೋ ಇಲ್ವೋ ಅನ್ನೋ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಕತೆ ನಡೆಸುವವರಿಗೆ ಡಿಎಂ ಅನ್ನುತ್ತಾರೆ. ನಮ್ಮಲ್ಲಿ ಆ ಕೆಲಸ ನನ್ನದು. ‘ಭಾಗವತರು’ ಅನ್ನಬಹುದಲ್ಲ ಅಂತ ಒಬ್ಬ ಸೂಚಿಸಿದ. ಆದರೆ ತಾಳಮದ್ದಲೆಯಲ್ಲಿ ಅರ್ಥಧಾರಿಗಳ ವಾದ ಎಳೆದಾಡತೊಡಗಿದರೆ ಭಾಗವತರು ಮುಂದಿನ ಹಾಡು ಎತ್ತಿ ಬಾಯಿ ಮುಚ್ಚಿಸಬಹುದು. ನನಗೆ ಹಾಡಲು ಬರಲ್ಲ.

ಈಗ ಹಾಸನದಿಂದ ಬಂದ ನನ್ನ ಚಿಕ್ಕಪ್ಪನ ಮಗಳೂ ಸೇರಿಕೊಳ್ಳುತ್ತಿದ್ದಾಳೆ. ‘ನಿಮ್ಮ ಗುಂಪಿನ ನಿಯಮಗಳನ್ನ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಡಣ್ಣ’ ಅಂದಳು. ಅರ್ಧ ಗಂಟೆಯ ಕೆಲಸ ಅಂದುಕೊಂಡು ಕೂತೆ. ಜಗಳದ ಭಾಗಕ್ಕೆ ಬಂದಾಗ ಪೆನ್ನು ನಿಂತಿತು.

ಹೋದ ತಿಂಗಳ ಒಂದು ಜಗಳವನ್ನೇ ತೆಗೆದುಕೊಳ್ಳಿ. ಒಬ್ಬನ ಪಾತ್ರ ಮೂವತ್ತು ಅಡಿ ಎತ್ತರದ ಚಾವಣಿಯಿಂದ ಕೆಳಗಿದ್ದ ರಕ್ಕಸನ ತಲೆ ಮೇಲೇ ಹಾರಿತು. ಬಿದ್ದವನಿಗೆ ಎಷ್ಟು ಪೆಟ್ಟು ಅನ್ನೋದು ಆಟದ ನಿಯಮದ ಪುಸ್ತಕದಲ್ಲಿದೆ. ಹತ್ತು ಅಡಿಗೆ ಒಂದು ಆರುಮುಖದ ದಾಳ, ಹೆಚ್ಚೆಂದರೆ ಇಪ್ಪತ್ತು ದಾಳ, ಬಂದಷ್ಟು ಪೆಟ್ಟು. ಆದರೆ ಕೆಳಗಿದ್ದವನಿಗೆ? ನಮ್ಮ ಹತ್ತಿರ ಇರುವ 2014ರ ಪುಸ್ತಕ ಆ ಬಗ್ಗೆ ಬಾಯೇ ಬಿಡಲ್ಲ. ‘ಬರೆದಿಲ್ಲ ಅಂದ್ಮೇಲೆ ಪೆಟ್ಟಿಲ್ಲ’ ಅಂತ ಒಬ್ಬಳು. ‘ಮೂವತ್ತು ಅಡಿಯಿಂದ ಮನುಷ್ಯ ಮೈಮೇಲೆ ಬಿದ್ದರೆ ನೋವಾಗಲ್ವಾ?’ ಅಂತ ಇನ್ನೊಬ್ಬ. ನಲವತ್ತು ನಿಮಿಷ ಹೋಯಿತು. ಅಷ್ಟು ಹೊತ್ತೂ ಆ ಪಾತ್ರ ಗಾಳಿಯಲ್ಲೇ ನೇತಾಡುತ್ತಿತ್ತು. ಕೊನೆಗೆ ನಾನು ‘ಪೆಟ್ಟು ಇಬ್ಬರಿಗೂ ಅರ್ಧರ್ಧ, ಇದೇ ತೀರ್ಪು’ ಅಂದೆ. ಅಲ್ಲಿಗೆ ಮುಗಿಯಬೇಕಿತ್ತು. ‘ತೀರ್ಪು’ ಅಂದದ್ದೇ ತಪ್ಪಾಯಿತು. ‘ಹಾಗಾದ್ರೆ ಮೇಲ್ಮನವಿ ಹಾಕ್ತೀನಿ’ ಅಂದಳು ಆಕೆ. ಕಬ್ಬನ್ ಪಾರ್ಕ್ ಪಕ್ಕದ ಕೆಂಪು ಕಟ್ಟಡಕ್ಕೆ ಹೋಗೋದೊಂದು ಬಾಕಿ.

ಆಮೇಲೆ ಯೋಚನೆ ಮಾಡಿದೆ. ‘ತೀರ್ಪು’ ಅನ್ನುವುದರ ಒಳಗೆ ‘ತೀರು’ ಕೂತಿದೆ. ಸಾಲ ತೀರಿತು, ಅಕ್ಕಿ ತೀರಿತು, ತಾತ ತೀರಿಕೊಂಡರು. ‘ತೀರ್ಮಾನ’ವೂ ಅದೇ ಮನೆಯದು. ಆಟದಲ್ಲಿ ನಾನು ಹೇಳಿದ್ದು ಅಂಥದ್ದಲ್ಲವೇ ಅಲ್ಲ. ‘ಈಗ ಹೀಗೆ ಇಟ್ಟುಕೊಂಡು ಮುಂದೆ ಹೋಗೋಣ, ಮನೆಗೆ ಹೋಗಿ ಪುಸ್ತಕ ನೋಡ್ತೀನಿ, ತಪ್ಪಿದ್ದರೆ ಬರೋ ವಾರ ಸರಿ ಮಾಡೋಣ’ ಅನ್ನುವಷ್ಟೇ. ಇಷ್ಟು ಉದ್ದದ ಮಾತಿಗೆ ಒಂದು ಪದ ಬೇಕು.

‘ಹಂಗಾಮಿ’ ಇದೆ. ಹಂಗಾಮಿ ಅಧ್ಯಕ್ಷರು ಇರುವಾಗ ಹಂಗಾಮಿ ತೀರ್ಪು ಯಾಕಿರಬಾರದು? ಪಾರ್ಸಿಯ ‘ಹಂಗಾಮ್’ ಅಂದರೆ ಹೊತ್ತು, ಕಾಲ. ಮುಂಗಾರು ಹಂಗಾಮು ಅನ್ನುವಾಗಲೂ ಅದೇ. ಅರ್ಥ ಚೆನ್ನಾಗಿ ಹೊಂದುತ್ತದೆ. ಆದರೆ ಮೇಜಿನ ಸುತ್ತ ಕೂತು ಹೇಳಿದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತೆ. ‘ಮಧ್ಯಂತರ ಆದೇಶ’ವನ್ನು ಪ್ರಯತ್ನಿಸಿದೆವು. ಮಾರನೇ ನಿಮಿಷಕ್ಕೇ ಒಬ್ಬ ರಕ್ಕಸನ ಪರವಾಗಿ ತಡೆಯಾಜ್ಞೆ ಕೇಳಿದ.

ಸದ್ಯ ನಮ್ಮ ಬಾಯಿಗೆ ತಾನಾಗಿ ಬಂದಿರುವುದು ‘ಸದ್ಯಕ್ಕೆ’. ಅದನ್ನು ಹೆಸರುಪದವಾಗಿಯೇ ಬಳಸುತ್ತಿದ್ದೇವೆ. ‘ಡಿಎಂ, ಒಂದು ಸದ್ಯಕ್ಕೆ ಹಾಕು, ಮುಂದಕ್ಕೆ ಹೋಗೋಣ.’ ‘ಹೋದ ವಾರದ ಸದ್ಯಕ್ಕೆ ಏನಾಯ್ತು?’ ವ್ಯಾಕರಣದವರು ಬೈಯಬಹುದು. ವಿಭಕ್ತಿ ಹತ್ತಿದ ಪದವನ್ನೇ ಮತ್ತೆ ಹೆಸರು ಮಾಡುವುದು ಒಪ್ಪುತ್ತದೆಯೇ, ಇದೇ ನನ್ನ ಮೊದಲ ಪ್ರಶ್ನೆ. ನನಗಂತೂ ಇಷ್ಟವಾಗಿದೆ. ‘ಸದ್ಯ, ಬದುಕಿದೆ!’ ಅನ್ನುವಾಗಿನ ಉಸಿರೂ ಅದರಲ್ಲಿ ಸ್ವಲ್ಪ ಸೇರಿಕೊಳ್ಳುತ್ತದೆ.

ಅಂದಹಾಗೆ, ಆ ವಾರ ಹುಡುಕಿದಾಗ 2020ರಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ ಉತ್ತರ ಸಿಕ್ಕಿತು. ಕೆಳಗಿದ್ದವನು ದಾಳ ಹಾಕಿ ತಪ್ಪಿಸಿಕೊಳ್ಳಲು ನೋಡಬೇಕು, 15 ಮುಟ್ಟಬೇಕು. ಮುಟ್ಟದಿದ್ದರೆ ಪೆಟ್ಟು ಇಬ್ಬರಿಗೂ ಸಮಪಾಲು. ನನ್ನ ಸದ್ಯಕ್ಕೆ ಮುಕ್ಕಾಲು ಸರಿ ಇತ್ತು. ರಕ್ಕಸನಿಗೆ ಒಂದು ಅವಕಾಶ ತಪ್ಪಿಸಿದ್ದೆ, ಅಷ್ಟೇ.

ಅದೇ ಸದ್ಯಕ್ಕೆ ನಾಲ್ಕು ಸಲ ನಡೆದು ಎಲ್ಲರಿಗೂ ಒಗ್ಗಿಹೋದರೆ? ಅದಕ್ಕೆ ‘ವಾಡಿಕೆ’ ಅಂತ ಬರೆದಿದ್ದೇನೆ. ಇಲ್ಲಿ ಅನುಮಾನವಿಲ್ಲ. ಚೌಕಾಬಾರದಲ್ಲಿ ಅಮ್ಮನ ಕಡೆಯವರು ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಬಿಡುವುದಿಲ್ಲ. ಅಪ್ಪನ ಕಡೆ ಆ ಷರತ್ತೇ ಇಲ್ಲ. ಅದಕ್ಕೆ ಪುಸ್ತಕ ಎಲ್ಲಿದೆ?

ಎರಡನೇ ತೊಡಕು. ಪುಸ್ತಕದ ಅಕ್ಷರ ಹಿಡಿದು ಆಡುವುದು ಒಂದು, ಬರೆದವರ ಮನಸ್ಸಿನಲ್ಲಿದ್ದದ್ದನ್ನು ಊಹಿಸಿ ಆಡುವುದು ಇನ್ನೊಂದು. ‘ಶಬ್ದಾರ್ಥ, ಭಾವಾರ್ಥ’ ಅನ್ನೋಣ ಅಂದರೆ ಹತ್ತನೇ ಕ್ಲಾಸಿನ ಪರೀಕ್ಷೆ ನೆನಪಾಗುತ್ತದೆ. ‘ಬರೆದದ್ದು, ಬಗೆದದ್ದು’ ಅಂತ ಜೋಡಿಸಿದ್ದೇನೆ. ಕಿವಿಗೆ ಹಿತವಾಗಿದೆ. ಆದರೆ ಇವತ್ತಿನ ಮಾತಿನಲ್ಲಿ ಬಗೆಯುವುದು ಹೆಚ್ಚಾಗಿ ದ್ರೋಹವನ್ನು, ಇಲ್ಲವೇ ಹೊಟ್ಟೆಯನ್ನು. ಹೊಸಬಳು ಓದಿ ಗಾಬರಿಯಾಗುತ್ತಾಳಾ?

ಮೂರನೆಯದು, ಪ್ರತಿ ಸಾಲಿಗೂ ಅಕ್ಷರ ಹಿಡಿದು ಕೊಸರಾಡುವವರಿಗೆ ಏನನ್ನಬೇಕು? ‘ಲಾ ಪಾಯಿಂಟ್ ಹಾಕ್ತಾಳೆ’ ಅಂತ ಬಾಯಲ್ಲಿ ಹೇಳುತ್ತೇವೆ. ‘ಕ್ಯಾತೆ ತೆಗೀತಾಳೆ’ ಅಂದರೆ ಖಾರ ಜಾಸ್ತಿ, ಬೇಕಂತಲೇ ಜಗಳಕ್ಕೆ ಬಂದಳು ಅಂದ ಹಾಗೆ. ನಮ್ಮ ಗೆಳತಿ ಹಾಗಲ್ಲ, ಪುಸ್ತಕ ನಿಜಕ್ಕೂ ಓದಿರುತ್ತಾಳೆ. ಎಷ್ಟೋ ಸಲ ಅವಳದೇ ಸರಿ. ಹಾಳೆಯಲ್ಲಿ ‘ತಕರಾರು ಇದ್ದರೆ ಎರಡು ನಿಮಿಷದಲ್ಲಿ ಹೇಳಿ’ ಅಂತ ಬರೆದಿದ್ದೇನೆ. ಅರಬ್ಬಿಯಲ್ಲಿ ‘ತಕ್ರಾರ್’ ಅಂದರೆ ಹೇಳಿದ್ದನ್ನೇ ಮತ್ತೆ ಹೇಳುವುದು ಅಂತ ತಿಳಿದ ಮೇಲೆ ಆ ಪದ ಬದಲಿಸಲು ಮನಸ್ಸಾಗಲಿಲ್ಲ.

ನಿಮ್ಮ ಊರಿನಲ್ಲಿ, ಗಲ್ಲಿ ಕ್ರಿಕೆಟ್ಟಿನಲ್ಲಿ, ಪಗಡೆಯಲ್ಲಿ, ಇಸ್ಪೀಟಿನಲ್ಲಿ ಈ ‘ಈಗಿನ ಮಟ್ಟಿಗೆ’ ಅನ್ನುವ ನಿರ್ಧಾರಕ್ಕೆ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ. ಉತ್ತರ ಕರ್ನಾಟಕದವರು, ಕರಾವಳಿಯವರು ಏನನ್ನುತ್ತೀರಿ ಅನ್ನುವ ಕುತೂಹಲ ಹೆಚ್ಚು. ಭಾನುವಾರ ಬೆಳಿಗ್ಗೆ ಹಾಳೆ ಜೆರಾಕ್ಸ್ ಅಂಗಡಿಗೆ ಹೋಗಬೇಕು. ಅಲ್ಲಿವರೆಗೆ ‘ಸದ್ಯಕ್ಕೆ’ಯೇ ಸದ್ಯಕ್ಕೆ.